ಹೆರೋದನಿಗೆ ಒನ್ಸ್ ಮೋರ್

೯ ಅಕ್ಟೋಬರ್ ೧೯೪೪, ಸೋಮವಾರ

ಗುಟ್ಟೇನಹಳ್ಳಿಗೆ ಬಂದು ಸೇರಿದೆ. ದೇವನಹಳ್ಳಿಯವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ನಲ್ಲೂರಿನ ಹುಣಿಸೆ ತೋಪಿನ ಬಳಿ ಗಾಲಿ ಒಂದು ಬೇರು ಹತ್ತಿ ಇಳಿದ ರಭಸಕ್ಕೆ ನಾನು ಗಾಡಿಯಿಂದ ಕೆಳಕ್ಕೆ ಬಿದ್ದೆ. ಆದರೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡೇ ಬಿದ್ದೆ. ಮೊಣಕೈ ತರಚಿದೆ. ಪೆಟ್ಟಿಗೆಗೆ ಏನೂ ಆಗಿಲ್ಲ. ದೇವರಿಗೆ ಸ್ತೋತ್ರ.

ಇಲ್ಲಿ ನಮ್ಮ ಮಿಷನ್ನಿನ ಸಭೆ ಎಂದರೆ ಕೇರಿಯ ಕೆಲವು ಮನೆಗಳು, ಹುಲ್ಲು ಹೊದಿಸಿದ ಒಂದು ಪ್ರಾರ್ಥನೆಯ ಮನೆ, ಅದಕ್ಕೆ ಒರಗಿಕೊಂಡಂತಿರುವ ನನ್ನ ಕೋಣೆ. ಕೆರೆ ಏರಿಯ ಆಚೆಗೆ ಊರು; ಅಲ್ಲಿ ಒಕ್ಕಲಿಗರ ಹೆಂಚಿನ ಮನೆಗಳು, ಆಂಜನೇಯನ ಗುಡಿ. ಕೇರಿಯವರು ಊರಿನ ಹೊಲಗಳಲ್ಲಿ ದುಡಿಯುತ್ತಾರೆ, ಊರಿನ ಜಗಲಿ ಹತ್ತುವುದಿಲ್ಲ. ಊರಿನವರು ಕೇರಿಯೊಳಗೆ ಕಾಲಿಡುವುದಿಲ್ಲ. ನಾನು ಎರಡೂ ಕಡೆಯವರಿಗೆ ಸುವಾರ್ತೆ ಸಾರಬೇಕಾದ ಉಪದೇಶಿ. ವಯಸ್ಸು ಇಪ್ಪತ್ತಮೂರು.

ನಮ್ಮ ಮಿಷನ್ನಿನ ಬಿಳಿಯ ಪಾದ್ರಿ ಫೆನ್ವಿಕ್ ದೊರೆಗಳು ನಾನು ಹೊರಡುವಾಗ ಒಂದು ಮಾತು ಕೊಟ್ಟಿದ್ದಾರೆ. ಕ್ರಿಸ್ಮಸ್ಸಿನೊಳಗೆ ಇಲ್ಲಿ ಏನಾದರೂ ಮಾಡಿ ತೋರಿಸಿದರೆ, ಬೆಂಗಳೂರು ದಂಡಿನ ದೊಡ್ಡ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ನನ್ನ ಹೆಸರು ಹೇಳುತ್ತಾರೆ. ಆ ಆರ್ಗನ್ನಿನ ಕೊಳವೆಗಳು ಚಾವಣಿ ಮುಟ್ಟುತ್ತವೆ. ಒಮ್ಮೆ ಅದರ ಮುಂದೆ ಕೂತು ಮುಟ್ಟಿ ನೋಡಿದ್ದೇನೆ; ಕಸ ಗುಡಿಸುವವನು ಗದರಿಸಿ ಎಬ್ಬಿಸಿದ.

ಆದ್ದರಿಂದ ಕ್ರಿಸ್ಮಸ್ಸಿನೊಳಗೆ ಈ ಊರನ್ನೆಲ್ಲ ರಕ್ಷಣೆಯ ದಾರಿಗೆ ತರಬೇಕು. ಹೆಚ್ಚು ಹೊತ್ತು ಹಿಡಿಯಲಾರದು ಎಂದು ನನ್ನ ಅಂದಾಜು.

೧೫ ಅಕ್ಟೋಬರ್, ಭಾನುವಾರ

ಮೊದಲ ಆರಾಧನೆ. 'ಕ್ರಿಸ್ತನಲ್ಲಿ ನಾವೆಲ್ಲರೂ ಒಂದೇ ದೇಹ' ಎಂಬ ವಿಷಯ ತೆಗೆದುಕೊಂಡು ಬಹಳ ಚೆನ್ನಾಗಿ ಬೋಧಿಸಿದೆ. ಒಬ್ಬ ಮುದುಕಿ ಅತ್ತಳು. ಆಮೇಲೆ ತಿಳಿಯಿತು, ಅವಳಿಗೆ ಕಣ್ಣಿನ ಬೇನೆ.

ಆರಾಧನೆ ಮುಗಿದ ಮೇಲೆ ಆವಲಪ್ಪ ಎಂಬವನು ಊಟಕ್ಕೆ ಕರೆದ. ಸಭೆಯ ಗಂಡಸರಲ್ಲಿ ಓದು ಬರಹ ಬಲ್ಲವನು ಇವನೊಬ್ಬನೇ. ಮಾತು ಕಡಿಮೆ, ನೋಟ ನೇರ. ಹೊಟ್ಟೆ ಸರಿಯಿಲ್ಲ ಎಂದೆ. ಅವರ ಮನೆಯ ಪಾತ್ರೆಗಳು ಹೇಗಿರುತ್ತವೋ. ಕೋಣೆಗೆ ಬಂದು ಅಮ್ಮ ಕಟ್ಟಿಕೊಟ್ಟಿದ್ದ ಚಕ್ಕುಲಿ ತಿಂದೆ. ಆವಲಪ್ಪನ ಹೆಂಡತಿ ಮುನಿತಾಯಮ್ಮ ತನ್ನ ಎಳೆಗೂಸನ್ನು ಆಶೀರ್ವಾದಕ್ಕೆ ತಂದಿದ್ದಳು. ಹೆಣ್ಣು ಕೂಸು, ಹೆಸರು ರೂತ್. ಮೂಗು ಸೋರುತ್ತಿತ್ತು. ದೂರದಿಂದಲೇ ಆಶೀರ್ವದಿಸಿದೆ.

ಇಲ್ಲಿನವರ ಬಾಯಲ್ಲಿ ಸಾಮುವೇಲ ಎಂಬ ನನ್ನ ಹೆಸರು ನಿಲ್ಲುವುದಿಲ್ಲ. ಕೇರಿಯಲ್ಲಿ ಸಾಮೇಲಯ್ಯ, ಊರಿನಲ್ಲಿ ಶ್ಯಾಮಲಪ್ಪ. ಎಲ್ಲರನ್ನೂ ತಿದ್ದುತ್ತಿದ್ದೇನೆ.

೨೪ ಅಕ್ಟೋಬರ್, ಮಂಗಳವಾರ

ನಾನು ಊರಿಗೆ ಹೋಗುವ ಮೊದಲೇ ಊರೇ ನನ್ನನ್ನು ಕರೆಯಿತು. ಹಾಗೆಂದರೆ ರಾಮಾಂಜಿನಪ್ಪನವರು. ಊರಿನ ಅರ್ಧ ಗದ್ದೆ ಅವರದು, ಮೀಸೆಯೂ ಅದಕ್ಕೆ ತಕ್ಕ ಹಾಗಿದೆ. ಪ್ರತಿ ವರ್ಷ ಅವರ ಮೇಳದವರು ಪೌರಾಣಿಕ ನಾಟಕ ಆಡುತ್ತಾರಂತೆ. ಈ ಸಲ ಹಾರ್ಮೋನಿಯಂ ನುಡಿಸುತ್ತಿದ್ದ ಮುನಿರಾಮಯ್ಯ ಮಿಲಿಟರಿ ಬ್ಯಾಂಡು ಸೇರಿ ಯಾವುದೋ ದೇಶಕ್ಕೆ ಹೊರಟುಹೋಗಿದ್ದಾನೆ. ನಾನು ಕೋಣೆಯಲ್ಲಿ ಕುಳಿತು ನುಡಿಸುವುದು ಏರಿಯ ಆಚೆಗೂ ಕೇಳಿಸಿದೆ.

ಅವರು ಕರೆದೊಯ್ದದ್ದು ತಮ್ಮ ಸೋದರತ್ತೆ ಅಕ್ಕಯಮ್ಮನವರ ಜಗಲಿಗೆ. ಈಕೆಯ ಮಗ ಗೋಪಾಲಪ್ಪ ಮೇಳದ ಹೆಣ್ಣು ಪಾತ್ರಧಾರಿ. ಅಕ್ಕಯಮ್ಮನವರು ಮಜ್ಜಿಗೆ ಚೊಂಬು ಹಿಡಿದು ನನ್ನನ್ನು ಯಾವ ಜನ ಎಂದು ಕೇಳಿದರು. ಕ್ರೈಸ್ತರು ಎಂದೆ. ಅದಕ್ಕೂ ಮುಂಚೆ ಎಂದರು. ಬೆಂಗಳೂರಿನವರು ಎಂದೆ. ಆಕೆ ಸ್ವಲ್ಪ ಯೋಚಿಸಿ, ಚೊಂಬನ್ನು ಇನ್ನಷ್ಟು ಮೇಲಕ್ಕೆತ್ತಿ, ಅಲ್ಲಿಂದ ನನ್ನ ಬೊಗಸೆಗೆ ಹೊಯ್ದರು. ಒಂದು ಹನಿಯೂ ಚೆಲ್ಲಲಿಲ್ಲ.

ಪುರಾಣದ ದೇವರ ನಾಟಕಕ್ಕೆ ನಾನು ನುಡಿಸುವಂತಿಲ್ಲ ಎಂದು ರಾಮಾಂಜಿನಪ್ಪನವರಿಗೆ ಖಂಡಿತವಾಗಿ ಹೇಳಿದೆ. ಅವರಿಗೆ ಬೇಸರವೇನೂ ಆಗಲಿಲ್ಲ.

"ನಿಮ್ ಪುಸ್ತಕದಾಗೆ ರಾಜ್ರು ಅವ್ರಾ?"

ಇದ್ದಾರೆ ಎಂದೆ.

"ಕೆಟ್ಟ ರಾಜ?"

ಹೆರೋದನ ಕಥೆ ಹೇಳಿದೆ. ಬೇತ್ಲೆಹೇಮಿನಲ್ಲಿ ಯೇಸು ಹುಟ್ಟಿದ್ದು, ರಾಜನಿಗೆ ಹೊಟ್ಟೆ ಉರಿದದ್ದು, ಕೂಸುಗಳನ್ನೆಲ್ಲ ಕೊಲ್ಲಿಸಲು ಹೊರಟದ್ದು. ಅವರು ಮೀಸೆಯ ಎರಡೂ ತುದಿ ತಿರುವಿದರು.

"ಆ ಪಾರ್ಟು ನಂದು" ಎಂದರು.

ಕುಣಿದುಕೊಂಡು ಕೋಣೆಗೆ ಬಂದೆ. ಊರೆಲ್ಲ ತಾನಾಗಿ ಬಂದು ಯೇಸುವಿನ ಜನನದ ನಾಟಕ ಆಡುತ್ತದೆ, ಆಮೇಲೆ ಊರೆಲ್ಲ ತಾನಾಗಿ ಕ್ರೈಸ್ತರಾಗಲು ಸ್ನಾನದೀಕ್ಷೆಗೆ ನಿಲ್ಲುತ್ತದೆ. ಕೆರೆಯಲ್ಲಿ ನೀರು ಸಾಕಷ್ಟಿದೆ, ನೋಡಿಕೊಂಡು ಬಂದೆ.

೨ ನವೆಂಬರ್, ಗುರುವಾರ

ಫೆನ್ವಿಕ್ ದೊರೆಗಳು ಸೈಕಲ್ಲಿನಲ್ಲಿ ಬಂದರು. ಅವರ ಕನ್ನಡವೆಲ್ಲ ಹಳೆಯ ಕಾವ್ಯಗಳಿಂದ ಕಲಿತದ್ದು. ಕೇರಿಯ ದಾರಿಗೆ ಅಡ್ಡಲಾಗಿ ನಿಂತಿದ್ದ ಎಮ್ಮೆಗೆ, "ಎಲೈ ಮಹಿಷಿಯೇ, ಪಥವನ್ನು ಬಿಡು" ಎಂದರು. ಎಮ್ಮೆ ಸರಿಯಿತು. ನಾನು ಎಷ್ಟು ಕೂಗಿದರೂ ಸರಿಯುವುದಿಲ್ಲ.

ನಾಟಕ ಅತ್ಯಂತ ಶ್ಲಾಘ್ಯವಾದುದು ಎಂದರು. ಬೈಬಲಿನ ವೇದವಾಕ್ಯದಲ್ಲಿ ಇಲ್ಲದ್ದು ಯಾವುದೂ ಸೇರಬಾರದು, ಅಷ್ಟೇ. ಒಪ್ಪಿಕೊಂಡೆ. ಆ ಹೊತ್ತಿಗೆ ಹೆರೋದನಿಗೆ ಎರಡೇ ಹಾಡು ಇದ್ದವು.

ಜಾಗದ ಪ್ರಶ್ನೆ ಬಂತು. ಗುಡಿಯ ಮುಂದೆ ಆಡಿದರೆ ಕೇರಿಯವರು ಬರುವಂತಿಲ್ಲ, ಪ್ರಾರ್ಥನೆಯ ಮನೆಯ ಮುಂದೆ ಆಡಿದರೆ ಊರಿನವರು ಬರುವುದಿಲ್ಲ. ಕೊನೆಗೆ ನಲ್ಲೂರಿನ ತೋಪು ಎಂದಾಯಿತು. ಆ ಮರಗಳಿಗೆ ಜಾತಿ ಗೊತ್ತಿಲ್ಲ ಎಂದು ನಾನು ಹೇಳಿದ ಮಾತು ದೊರೆಗಳಿಗೆ ಬಹಳ ಹಿಡಿಸಿತು. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆ ಸಿಗುವುದಿಲ್ಲವಾದ್ದರಿಂದ ಹಗಲು ನಾಟಕ.

೧೦ ನವೆಂಬರ್, ಶುಕ್ರವಾರ

ಪಾತ್ರಗಳು ಹಂಚಿಹೋದವು. ತಲೆ ಗಿರ್ರೆನ್ನುತ್ತಿದೆ.

ಯೇಸುವಿನ ತಾಯಿ ಮರಿಯಳು: ಗೋಪಾಲಪ್ಪ. ಸೀರೆ ಉಟ್ಟು ನಿಂತರೆ ಎಂಥವರೂ ಎದ್ದು ಜಾಗ ಕೊಡಬೇಕು, ಹಾಗೆ. ಗಬ್ರಿಯೇಲ ದೂತ: ಗಾಣದ ಪಿಳ್ಳಪ್ಪ. ಆಕಾಶದಿಂದಲೇ ಇಳಿಯಬೇಕೆಂದು ಹಟ ಹಿಡಿದಿದ್ದಾನೆ. ನಮ್ಮ ಬೈಬಲಿನಲ್ಲಿ ಕುರಿ ಕಾಯುವವರನ್ನು ಕುರುಬರು ಎಂದೇ ಬರೆದಿದೆಯಲ್ಲ. ಅದು ಹೇಗೋ ಹೊರಗೆ ಬಿದ್ದು, ಕುರುಬರ ದೊಡ್ಡಮುನಿಯಪ್ಪ ಬಂದು, ತನ್ನ ಜನದ ಹೆಸರೇ ಪುಸ್ತಕದಲ್ಲಿರುವಾಗ ಬೇರೆಯವರು ಆ ಪಾತ್ರ ಹೇಗೆ ಹಾಕುತ್ತಾರೆಂದು ಕೇಳಿದ. ಸ್ವಂತ ಕುರಿ ತರುತ್ತಾನಂತೆ.

ಮರಿಯಳ ಗಂಡ ಯೋಸೇಫನಿಗೆ ಹಾಡಿಲ್ಲ, ಕತ್ತಿಯಿಲ್ಲ, ಮೀಸೆ ತಿರುವುವ ಅವಕಾಶವೂ ಇಲ್ಲ. ಮೇಳದವರು ಯಾರೂ ಬೇಡವೆಂದರು. ನಮ್ಮ ಸಭೆಯ ಆವಲಪ್ಪ, ನಾನು ನಿಲ್ಲುತ್ತೇನೆ ಎಂದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ರಾಮಾಂಜಿನಪ್ಪನವರು, ಬಯಲಿನಲ್ಲಿ ತಾನೆ, ನಿಲ್ಲಲಿ ಎಂದರು. ಅಭ್ಯಾಸದಲ್ಲಿ ಮರಿಯಳಿಗೂ ಯೋಸೇಫನಿಗೂ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಇವರು ಗಂಡ ಹೆಂಡಿರೆಂದು ಜನರಿಗೆ ಹೇಗೆ ಗೊತ್ತಾಗಬೇಕು ಎಂದೆ.

"ಇನ್ನೂ ಮದ್ವೆ ಆಗಿಲ್ವಲ್ಲ ಮೇಷ್ಟ್ರೆ" ಎಂದರು ರಾಮಾಂಜಿನಪ್ಪನವರು.

ಶಾಸ್ತ್ರಪ್ರಕಾರ ಅದು ಸರಿ. ಆಗ ಅವರಿಗೆ ನಿಶ್ಚಿತಾರ್ಥ ಮಾತ್ರ ಆಗಿತ್ತು.

೧೯ ನವೆಂಬರ್, ಭಾನುವಾರ

ಜೋಗುಳ ಕಟ್ಟಿದೆ. ಬೋಧನೆಯ ನಡುವೆ ಹೊಳೆಯಿತು, ಬೋಧನೆ ಬೇಗ ಮುಗಿಸಿದೆ.

ಜೋಜೋ ಕಂದಾ ಗೋದಲಿಯೊಳಗೆ
ರಾಜರ ರಾಜಾ ರಾಗಿ ಹುಲ್ಲೊಳಗೆ

ಗೋಪಾಲಪ್ಪ ಹಾಡಿದಾಗ ನನಗೇ ಮೈ ಜುಮ್ಮೆಂದಿತು. ಹೆರೋದನಿಗೆ ಈಗ ಐದು ಹಾಡು. ರಾಮಾಂಜಿನಪ್ಪನವರಿಗೆ ಸಾಯುವ ದೃಶ್ಯವೂ ಬೇಕಂತೆ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಹೆರೋದ ಹುಳಬಿದ್ದು ಸತ್ತ ಎಂದಿದೆ. ಅದು ಬೇರೆ ಹೆರೋದ. ಅದನ್ನು ನಾನು ಹೇಳಲಿಲ್ಲ.

೨೭ ನವೆಂಬರ್, ಸೋಮವಾರ

ಎಲ್ಲ ಕೆಟ್ಟಿತು.

ದೊರೆಗಳು ಕೂಸಿನ ಪಾತ್ರಕ್ಕೆಂದು ತಮ್ಮ ಸೀಮೆಯಿಂದ ಬಂದ ಗೊಂಬೆ ಕಳಿಸಿದ್ದರು. ಸುಣ್ಣದಂತೆ ಬಿಳುಪು, ನೀಲಿ ಕಣ್ಣು. ಮಲಗಿಸಿದರೆ ಕಣ್ಣು ಮುಚ್ಚುತ್ತದೆ. ರಾಮಾಂಜಿನಪ್ಪನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಥ ಕೂಸು ಹುಟ್ಟಿದರೆ ಯೋಸೇಫ ಸುಮ್ಮನಿರುತ್ತಾನೆಯೇ ಎಂದು ಕೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಆವಲಪ್ಪನೂ ನಕ್ಕ. ಹಾಗಾದರೆ ಆವಲಪ್ಪನ ಕೂಸೇ ಇದೆಯಲ್ಲ ಎಂದು ಪಿಳ್ಳಪ್ಪ ಹೇಳಿದ. ಅದೂ ಸರಿಯೇ, ಹುಲ್ಲಿನ ಮೇಲೆ ಮಲಗಿರುತ್ತದೆ, ಗೋಪಾಲಪ್ಪ ಒಂದಿಷ್ಟು ದೂರ ಕೂತು ಜೋಗುಳ ಹಾಡಿದರಾಯಿತು ಎಂದರು ರಾಮಾಂಜಿನಪ್ಪನವರು.

ಆವಲಪ್ಪನ ನಗು ನಿಂತಿತು.

"ಕೂಸು ಕೊಡ್ತೀನಿ ಗೌಡ್ರೆ. ಆದ್ರೆ ತಾಯಿ ಆದೋರು ಎತ್ಕೊಬೇಕು. ಮುಟ್ದೆ ಇರೋ ತಾಯಿ ಎಲ್ಲವಳೆ?"

ಗೋಪಾಲಪ್ಪ ನೆಲ ನೋಡುತ್ತಿದ್ದ. ಆವಲಪ್ಪ ಟವಲು ಹೆಗಲಿಗೆ ಹಾಕಿಕೊಂಡು ಏರಿಯ ಮೇಲೆ ಹೊರಟುಹೋದ.

ಇವನಿಗೆ ಇಂಥ ಹೊತ್ತಿನಲ್ಲಿ ಇದು ಬೇಕಿತ್ತೇ? ಎಲ್ಲ ಎಷ್ಟು ಚೆನ್ನಾಗಿ ನಡೆಯುತ್ತಿತ್ತು.

೩ ಡಿಸೆಂಬರ್, ಭಾನುವಾರ

ಅಭ್ಯಾಸವಿಲ್ಲ. ಆವಲಪ್ಪ ಆರಾಧನೆಗೂ ಬರಲಿಲ್ಲ. ತಾಳ್ಮೆಯ ಮೇಲೆ ಬೋಧಿಸಿದೆ. ಹಾರ್ಮೋನಿಯಂ ಕೂಡ ಮೂಗಿನಲ್ಲಿ ಮಾತಾಡುತ್ತಿದೆ.

೯ ಡಿಸೆಂಬರ್, ಶನಿವಾರ

ಆವಲಪ್ಪನಿಗೆ ಬುದ್ಧಿ ಹೇಳೋಣವೆಂದು ಅವನ ಮನೆಗೆ ಹೋದೆ. ಹಟ ಕ್ರೈಸ್ತನಿಗೆ ತಕ್ಕದ್ದಲ್ಲ ಎಂಬುದಕ್ಕೆ ಮೂರು ವಾಕ್ಯ ಗುರುತು ಹಾಕಿಕೊಂಡಿದ್ದೆ. ಅವನು ಸೂರಿನ ಮೇಲೆ ಕೂತು ಹುಲ್ಲು ಕಟ್ಟುತ್ತಿದ್ದ. ಮುನಿತಾಯಮ್ಮ ಕೆಳಗಿನಿಂದ ಕಂತೆ ಎಸೆಯುತ್ತಿದ್ದಳು. ಕೂಸು ಅಳುತ್ತಿತ್ತು. ಸ್ವಲ್ಪ ಹಿಡ್ಕೊಳ್ಳಿ ಅಯ್ಯಾ ಎಂದು ಅವಳು ಕೂಸನ್ನು ನನ್ನ ಕೈಗೆ ತುರುಕಿದಳು.

ಸೂರಿನ ಕೆಲಸ ಮುಗಿಯುವವರೆಗೂ ಹಿಡಿದುಕೊಂಡಿದ್ದೆ. ಜೋಗುಳ ಹಾಡಿದರೆ ಸುಮ್ಮನಾಗುತ್ತದೆ, ನಿಲ್ಲಿಸಿದರೆ ಒಂದು ಕಣ್ಣು ತೆರೆದು ನೋಡುತ್ತದೆ. ನನ್ನ ಅಂಗಿಯ ಗುಂಡಿ ಬಾಯಿಗೆ ಹಾಕಿಕೊಂಡಿತು, ಅಂಗಿಯನ್ನು ಒದ್ದೆ ಮಾಡಿತು, ಆಮೇಲೆ ನಕ್ಕಿತು. ಆವಲಪ್ಪ ಇಳಿದು ಬರುವ ಹೊತ್ತಿಗೆ ಆ ಮೂರು ವಾಕ್ಯ ಯಾವುವೆಂದೇ ಮರೆತುಹೋಗಿತ್ತು. ಅಲ್ಲೇ ಊಟ ಮಾಡಿದೆ. ಮುದ್ದೆ, ಅವರೆಕಾಯಿ ಸಾರು. ಅವರೆಕಾಯಿ ಸಾರು ಹೀಗಿರುತ್ತದೆಂದು ಇಷ್ಟು ದಿನ ನನಗೆ ಯಾರೂ ಹೇಳಿರಲಿಲ್ಲ. ಎರಡನೆಯ ಮುದ್ದೆ ನಾನೇ ಕೇಳಿದೆ.

ಅಲ್ಲಿಂದ ನೇರವಾಗಿ ಗೋಪಾಲಪ್ಪನ ಕಣಕ್ಕೆ ಹೋದೆ. ಏಕೆ ಹೋದೆನೋ, ಕಾಲು ಹೋದವು. ಅವನು ರಾಗಿ ತೆನೆ ಹರವುತ್ತಿದ್ದ. ಕೂಸನ್ನು ಎತ್ತಿಕೊಳ್ಳದೆ ಆ ಹಾಡು ಹಾಡಲು ಬರುವುದಿಲ್ಲ, ನಾನು ಹಾಡಿ ನೋಡಿ ಬಂದೆ ಎಂದೆ. ಅವನು ಸುತ್ತಮುತ್ತ ನೋಡಿದ.

"ನಂಗೂ ಆವತ್ತಿಂದ ನಿದ್ದೆ ಬಂದಿಲ್ಲ ಮೇಷ್ಟ್ರೆ. ಸೀರೆ ಉಟ್ಮೇಲೆ ನಾನು ಗೋಪಾಲಪ್ಪ ಅಲ್ಲ. ಸೀತೆ ಆಗಿ ಬೆಂಕೀನೇ ಹಾಯ್ದಿದೀನಿ. ಎತ್ಕೊತೀನಿ. ಅವ್ವಂಗೆ ಮಾತ್ರ ಹೇಳ್ಬೇಡಿ."

ಏರಿಯ ಮೇಲೆ ಓಡಿಕೊಂಡೇ ಬಂದೆ. ದಾರಿಯಲ್ಲಿ ಯಾರೋ, ಏನ್ ಶ್ಯಾಮಲಪ್ನೋರೆ, ನಾಯಿ ಅಟ್ಟಿಸ್ಕೊಂಡ್ ಬರ್ತೈತಾ ಎಂದರು. ಇಲ್ಲ, ಸಂತೋಷ ಎಂದೆ.

೧೮ ಡಿಸೆಂಬರ್, ಸೋಮವಾರ

ಬರೆಯಲು ಬಿಡುವಿಲ್ಲ. ಆವಲಪ್ಪ ಅಭ್ಯಾಸಕ್ಕೆ ಮರಳಿದ್ದಾನೆ, ಕೂಸನ್ನೂ ಕೊಡುತ್ತಾನಂತೆ. ಪಿಳ್ಳಪ್ಪ ಬಾವಿಯ ರಾಟೆಯನ್ನೇ ಬಿಚ್ಚಿ ತಂದು ತೋಪಿನ ಮರಕ್ಕೆ ಕಟ್ಟಿದ್ದಾನೆ. ಅವನ ಮನೆಯ ಹೆಂಗಸರು ನೀರಿಗೆ ಪಕ್ಕದ ಬೀದಿಗೆ ಹೋಗುತ್ತಿದ್ದಾರೆ. ರೆಕ್ಕೆಗಳಿಗೆ ಕೋಳಿ ಪುಕ್ಕ. ಇಂದು ಕುರಿಗಳಿಗೂ ಅಭ್ಯಾಸ ಮಾಡಿಸಿದೆವು. ಅವು ಗೋದಲಿಯ ಹುಲ್ಲನ್ನೆಲ್ಲ ತಿಂದು ಹೋದವು. ಹೆರೋದನ ಹಾಡುಗಳು ಎಷ್ಟಾಗಿವೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಸ್ನಾನದೀಕ್ಷೆಯ ಪಾಠಗಳನ್ನು ಶುರು ಮಾಡಬೇಕಿತ್ತು, ಹೊತ್ತಾಗಲಿಲ್ಲ. ರೂತಿಗೆ ಹಲ್ಲು ಬರುತ್ತಿದೆ ಎಂದು ಮುನಿತಾಯಮ್ಮ ಹೇಳಿದಳು. ಬೆರಳಿಟ್ಟು ನೋಡಿದೆ, ನಿಜ.

೨೬ ಡಿಸೆಂಬರ್, ಮಂಗಳವಾರ

ನಿನ್ನೆ ನಾಟಕ ಮುಗಿಸಿ ಬಂದು ಬರೆಯಲು ಕುಳಿತರೆ ಬರೀ ನಗು ಬರುತ್ತಿತ್ತು. ಈಗ ಬೆಳಗಿನ ಹೊತ್ತು, ಒಂದು ಕಡೆಯಿಂದ ಬರೆಯುತ್ತೇನೆ.

ತೋಪಿನಲ್ಲಿ ಅಷ್ಟು ಜನ ಸೇರುತ್ತಾರೆಂದು ನಾವು ಎಣಿಸಿರಲಿಲ್ಲ. ಚನ್ನರಾಯಪಟ್ಟಣದಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಊರಿನವರು ಎಡಕ್ಕೆ, ಕೇರಿಯವರು ಬಲಕ್ಕೆ, ನಡುವೆ ಇದ್ದ ಒಂದೇ ಕುರ್ಚಿಯಲ್ಲಿ ಫೆನ್ವಿಕ್ ದೊರೆಗಳು, ಗಡಿಕಲ್ಲಿನ ಹಾಗೆ. ಅಕ್ಕಯಮ್ಮನವರು ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕುಳಿತಿದ್ದರು. ಮಗ ಏನು ಮುಟ್ಟುತ್ತಾನೆ, ಏನು ಬಿಡುತ್ತಾನೆ ನೋಡಲು ಬಂದಿದ್ದೇನೆಂದು ಅಕ್ಕಪಕ್ಕದವರಿಗೆಲ್ಲ ಹೇಳಿದ್ದರಂತೆ. ಯಾರೋ ಚಾಡಿ ಹೇಳಿದ್ದಾರೆ.

ಗಬ್ರಿಯೇಲ ದೂತ ಬಹಳ ಗಂಭೀರವಾಗಿ ಆಕಾಶದಿಂದ ಇಳಿದ, ಅರ್ಧದವರೆಗೆ. ಅಲ್ಲಿ ರಾಟೆ ಕಚ್ಚಿಕೊಂಡಿತು. ಪಿಳ್ಳಪ್ಪ ಧೈರ್ಯಗೆಡದೆ ಅಲ್ಲಿಂದಲೇ ಶುಭವಾರ್ತೆ ಹೇಳಿದ. ಆದರೆ ಮೇಲಕ್ಕೂ ಹೋಗಲಾರ, ಕೆಳಕ್ಕೂ ಬರಲಾರ. ಮುಂದಿನ ದೃಶ್ಯದಲ್ಲಿ ಹೆರೋದನ ಆಸ್ಥಾನದ ಮೇಲೆ ದೇವದೂತ ಮೆಲ್ಲಗೆ ತಿರುಗುತ್ತ ನೇತಾಡುತ್ತಿದ್ದ. ಹೆರೋದ ಕತ್ತಿ ಹಿರಿದು, ಆ ಕೂಸು ಎಲ್ಲಿದೆ ಹೇಳಿ ಎಂದು, ಕೂಸನ್ನು ಹುಡುಕಿ ಬಂದ ಮೂಡಣ ದೇಶದ ಜೋಯಿಸರನ್ನು ಗದರಿಸಿದಾಗ ಮೇಲಿನಿಂದ, "ಹೇಳ್ಬೇಡ್ರೋ" ಎಂಬ ಧ್ವನಿ ಬಂತು. ತೋಪೆಲ್ಲ ನಗು. ರಾಮಾಂಜಿನಪ್ಪನವರು ಒಂದು ಚೂರೂ ಅಲುಗಲಿಲ್ಲ. ಮೀಸೆ ತಿರುವಿ ಹಾಡು ಎತ್ತಿದರು. ಜನ ಒನ್ಸ್ ಮೋರ್ ಎಂದರು, ಇನ್ನೊಮ್ಮೆ ಹಾಡಿದರು. ಮತ್ತೆ ಎಂದರು, ಮತ್ತೆ ಹಾಡಿದರು. ಆಮೇಲೆ ಯಾರೂ ಕೇಳಲಿಲ್ಲ, ಆದರೂ ಹಾಡಿದರು.

ಆಮೇಲೆ ಗೋದಲಿ. ಮುನಿತಾಯಮ್ಮ ಮುಂಚೆಯೇ ಮಗುವನ್ನು ರಾಗಿ ಹುಲ್ಲಿನ ಮೇಲೆ ಮಲಗಿಸಿ ಹೋಗಿದ್ದಳು. ಮರಿಯಳು ಬಂದು ಕುಳಿತಳು. ದೂರದಲ್ಲಿ ಆವಲಪ್ಪ, ಕೋಲು ಹಿಡಿದ ಯೋಸೇಫ. ನಾನು ಜೋಗುಳದ ಸ್ವರ ಹಿಡಿದೆ. ಗೋಪಾಲಪ್ಪ ಕೈ ಚಾಚಿದ. ಎದುರಿಗೆ ಚಾಪೆಯ ಮೇಲೆ ಅವನ ತಾಯಿ. ಚಾಚಿದ ಕೈ ಅಲ್ಲೇ ನಿಂತಿತು.

ನಾನು ಆ ಸಾಲನ್ನೇ ಮತ್ತೆ ನುಡಿಸಿದೆ. ಮತ್ತೆ ನುಡಿಸಿದೆ. ಅಷ್ಟರಲ್ಲಿ ಮರದ ಮರೆಯಲ್ಲಿ ಕಾಯಬೇಕಿದ್ದ ಕುರಿಗಳು ಹುಲ್ಲು ಕಂಡು ನುಗ್ಗಿದವು. ಒಂದು ಕುರಿ ಮಗುವಿನ ತಲೆಯಡಿಯ ಹುಲ್ಲಿಗೇ ಬಾಯಿ ಹಾಕಿತು. ರೂತ್ ಕಿರುಚಿಕೊಂಡಳು. ಹಾರ್ಮೋನಿಯಂ ಬಿಟ್ಟು ಏಳಬೇಕೆಂದು ನಾನು ಅರ್ಧ ಎದ್ದೇ ಇದ್ದೆ. ಅಷ್ಟರೊಳಗೆ ಗೋಪಾಲಪ್ಪ ಕಣ್ಣು ಮುಚ್ಚಿಕೊಂಡು ಮಗುವನ್ನು ಬಾಚಿ ಎತ್ತಿಬಿಟ್ಟ.

ಮಗು ಇನ್ನೂ ಜೋರಾಗಿ ಅಳತೊಡಗಿತು. ಅವನು ಹಿಡಿದದ್ದೇ ಹಾಗಿತ್ತು, ಅದರ ತಲೆ ಹಿಂದಕ್ಕೆ ಜೋತುಬಿದ್ದಿತ್ತು. ಅಕ್ಕಯಮ್ಮನವರು ಎದ್ದು ನಿಂತರು. ಈಗ ಎಲ್ಲ ಮುಗಿಯಿತು ಎಂದುಕೊಂಡೆ.

"ಕತ್ತು ಹಿಡ್ಕೊಳೋ, ಕತ್ತು" ಎಂದರು. "ರಾಗಿ ಕಂತೆ ಎತ್ತಂಗೆ ಎತ್ತವ್ನೆ."

ಅವನು ಗಾಬರಿಯಲ್ಲಿ ಕೈ ಬದಲಿಸಿದ, ಇನ್ನೂ ಕೆಟ್ಟದಾಯಿತು. ಆಕೆ ಚಾಪೆ ದಾಟಿ, ಕುರಿಗಳನ್ನು ಕಾಲಿನಿಂದ ಸರಿಸಿ, ನೇರವಾಗಿ ಬೇತ್ಲೆಹೇಮಿನೊಳಗೆ ಬಂದು, ಮಗನ ಕೈಯಿಂದ ಕೂಸನ್ನು ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡರು. ಬೆನ್ನು ನೀವಿದರು. ಮಗು ಒಮ್ಮೆ ತೇಗಿ ಸುಮ್ಮನಾಯಿತು. ಆಕೆ ಹುಲ್ಲಿನ ಮೇಲೆ ಕಾಲು ನೀಡಿ ಕುಳಿತರು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರು. ಆವಲಪ್ಪನ ಕಡೆ ತಿರುಗಿ, "ಏ ಯೋಸೇಪ, ಆ ಟವಲ್ ಕೊಡಿಲ್ಲಿ, ಒದ್ದೆ ಮಾಡ್ಕೊಂಡೈತೆ" ಎಂದರು. ಆವಲಪ್ಪ ಗಾಡಿ ಹೋಗುವಷ್ಟು ಜಾಗವನ್ನು ದಾಟಿ ಬಂದು ತನ್ನ ಹೆಗಲ ಟವಲನ್ನು ಆಕೆಯ ಕೈಗೆ ಕೊಟ್ಟ. ಕೇರಿಯ ಕಡೆ ಮುನಿತಾಯಮ್ಮ ಎದ್ದು ನಿಂತು ಬಾಯಿಗೆ ಸೆರಗು ಹಿಡಿದಿದ್ದಳು.

ಇನ್ನು ಹೆರೋದ ಬರಬೇಕು. ಬಂದ. ಕತ್ತಿ ಎತ್ತಿ, ಎಲ್ಲಿ ಆ ಕೂಸು ಎಂದು ಅಬ್ಬರಿಸಿ ನೋಡಿದರೆ ಎದುರಿಗೆ ಸೋದರತ್ತೆ. ಹಾರ್ಮೋನಿಯಂ ಹತ್ತಿರವೇ ಇದ್ದದ್ದರಿಂದ ನನಗೆ ಮಾತು ಕೇಳಿಸಿತು.

"ಅತ್ತೆ, ಇದು ನಾಟ್ಕ" ಎಂದು ಪಿಸುಗುಟ್ಟಿದರು.

"ನಾಟ್ಕನೋ ಗೀಟ್ಕನೋ" ಎಂದರು ಅಕ್ಕಯಮ್ಮನವರು, ತೋಪಿಗೆಲ್ಲ ಕೇಳುವಂತೆ. "ಮುಟ್ಟು ನೋಡಾನ."

ರಾಮಾಂಜಿನಪ್ಪನವರು ಮೆಲ್ಲಗೆ ಕತ್ತಿ ಇಳಿಸಿದರು. ಬೇರೆ ದಾರಿ ಕಾಣದೆ, ಅಲ್ಲೇ ತಮ್ಮ ಸಾಯುವ ಹಾಡು ಎತ್ತಿಕೊಂಡರು. ಎಂಥ ಸಾವು! ಹೊಟ್ಟೆ ಹಿಡಿದು, ಮೂರು ಸುತ್ತು ಸುತ್ತಿ, ಮರಕ್ಕೆ ಒರಗಿ, ಜಾರಿ ಬಿದ್ದರು. ಎಡದಿಂದಲೂ ಬಲದಿಂದಲೂ ಒಟ್ಟಿಗೆ ಒನ್ಸ್ ಮೋರ್ ಎಂದು ಕೂಗಿದರು. ಎದ್ದು ಇನ್ನೊಮ್ಮೆ ಸತ್ತರು.

ಪಿಳ್ಳಪ್ಪನನ್ನು ಇಳಿಸಿದ್ದು ಎಲ್ಲರೂ ಮನೆಗೆ ಹೊರಟ ಮೇಲೆ.

೨೮ ಡಿಸೆಂಬರ್, ಗುರುವಾರ

ಅಕ್ಕಯಮ್ಮನವರು ಮನೆಗೆ ಹೋದವರೇ ತಲೆಗೆ ಸ್ನಾನ ಮಾಡಿದರಂತೆ, ಸೀರೆ ಒಗೆಸಿದರಂತೆ, ಮಗನಿಗೆ ಬಾವಿಕಟ್ಟೆಯಲ್ಲೇ ಊಟ ಬಡಿಸಿದರಂತೆ. ಕೇಳಿ ಮಂಕಾಗಿ ಕುಳಿತೆ. ಮಧ್ಯಾಹ್ನ ಅವರ ಮನೆಯ ಆಳು ಬಂದು ಒಂದು ತುಂಡು ಬಜೆ ಕೊಟ್ಟು ಹೋದ. ಕೂಸಿನ ಹೊಟ್ಟೆಯಲ್ಲಿ ವಾಯು ಇದೆ, ತೇಯ್ದು ನೆಕ್ಕಿಸಬೇಕು ಎಂದು ಹೇಳಿ ಕಳಿಸಿದ್ದರು. ಇದಕ್ಕೆ ಏನು ಅರ್ಥ ಮಾಡಬೇಕು? ಆವಲಪ್ಪನನ್ನು ಕೇಳಿದೆ. ಬಜೆ ಒಳ್ಳೆಯದೇ ಇದೆ ಎಂದ.

ಊರಿನ ಹಿರಿಯರು ಗೋಪಾಲಪ್ಪನನ್ನು ಗುಡಿಯ ಮುಂದೆ ಕರೆಸಿದ್ದರು. ತಪ್ಪುಕಾಣಿಕೆ ಹಾಕಬೇಕೆಂದು ಮಾತು ಎದ್ದಿತ್ತು. ರಾಮಾಂಜಿನಪ್ಪನವರು ಎದ್ದು ನಿಂತು ಹೇಳಿದ್ದನ್ನು ಪಿಳ್ಳಪ್ಪ ಬಂದು ನನಗೆ ಅಭಿನಯಿಸಿ ತೋರಿಸಿದ:

"ಅವ್ನು ಮುಟ್ಟಿದ್ದು ನಾಟ್ಕದಾಗೆ. ನಾಟ್ಕದಾಗೆ ನಾನು ಎಲ್ಡ್ ಸಲ ಸತ್ತೋದೆ. ತಿಥಿ ಮಾಡ್ತೀರಾ?"

ಒಬ್ಬರು ನಕ್ಕುಬಿಟ್ಟರಂತೆ. ಆಮೇಲೆ ಪಂಚಾಯಿತಿ ನಡೆಯಲಿಲ್ಲ. ಆದರೂ ಕೆಲವರು ಗೋಪಾಲಪ್ಪನ ಕೈಯಿಂದ ಎಲೆ ಅಡಿಕೆ ತೆಗೆದುಕೊಳ್ಳುತ್ತಿಲ್ಲ. ಅವನು ತಲೆ ಕೆಡಿಸಿಕೊಂಡಿಲ್ಲ. ಮರಿಯಳಿಗೆ ಇನ್ನೊಂದು ಹಾಡು ಬೇಕಿತ್ತು ಎನ್ನುತ್ತಿದ್ದಾನೆ.

೧ ಜನವರಿ ೧೯೪೫, ಸೋಮವಾರ

ದೊರೆಗಳು ಬಂದರು. ಎಷ್ಟು ಮಂದಿ ಸ್ನಾನದೀಕ್ಷೆಗೆ ಸಿದ್ಧರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹೇಳುವಾಗ ನಾಚಿಕೆಯಾಗಬೇಕಿತ್ತು, ಅದೇಕೋ ಮರೆತೇಹೋಯಿತು. ಅದಕ್ಕೆ ಅವರು, "ಆ ವೃದ್ಧೆಯ ಅಭಿನಯವು ಅಮೋಘವಾಗಿತ್ತು" ಎಂದರು. ಆಕೆಯ ಪಾತ್ರ ಯಾವ ಸುವಾರ್ತೆಯಲ್ಲಿ ಬರುತ್ತದೆಂದು ತಮ್ಮ ಬಂಗಲೆಗೆ ಹೋದ ಮೇಲೆ ಹುಡುಕಿದರಂತೆ, ಸಿಗಲಿಲ್ಲವಂತೆ. ನಾನೂ ಹುಡುಕುತ್ತಿದ್ದೇನೆ ಎಂದೆ.

ನಾಟಕ ಮೆಚ್ಚಿ ಅವರು ಹೇಳಿದ್ದರಿಂದ ಆರ್ಗನ್ನಿನ ಕೆಲಸ ನನಗೇ ಎಂದಾಗಿದೆಯಂತೆ. ಮುಂದಿನ ಭಾನುವಾರವೇ ಬರಬಹುದು. ಬಹಳ ಕೃತಜ್ಞತೆ ಹೇಳಿದೆ. ಆದರೆ ಈಗ ರಾಗಿ ಒಕ್ಕಣೆಯ ಕಾಲ, ಸಭೆಯವರೆಲ್ಲ ಕಣದಲ್ಲಿರುತ್ತಾರೆ. ರಾಮಾಂಜಿನಪ್ಪನವರು ಈಸ್ಟರಿಗೆ, ಯೇಸುವಿಗೆ ಮರಣದಂಡನೆ ಕೊಟ್ಟ ಪಿಲಾತನ ಪಾತ್ರ ಕೇಳಿದ್ದಾರೆ. ರೂತಿಗೆ ಕೆಳಗಿನ ಹಲ್ಲು ಇನ್ನೂ ಪೂರ್ತಿ ಬಂದಿಲ್ಲ. ಇವನ್ನೆಲ್ಲ ದೊರೆಗಳಿಗೆ ವಿವರಿಸಿದೆ. ಈಸ್ಟರಿನವರೆಗೆ ಮಾತ್ರ ಎಂದೆ. ಅವರು ಬೇರೆಯವನನ್ನು ನೋಡಬೇಕಾಗುತ್ತದೆ ಎಂದರು. ಪಾಪ, ನೋಡಲಿ.

೬ ಜನವರಿ, ಶನಿವಾರ

ಬೇಗ ಬೇಗ ಬರೆಯುತ್ತೇನೆ, ಹೊರಡಬೇಕು.

ಆವಲಪ್ಪನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಕೇರಿಯ ಬಾಯಲ್ಲಿ ಯಾರೋ ಕೂಗಿದರು. ಹೊರಗೆ ಬಂದು ನೋಡಿದರೆ ಬೇವಿನ ಮರದ ಆಚೆಗೆ ಅಕ್ಕಯಮ್ಮನವರು, ಒಬ್ಬರೇ. ತಾವು ಒಳಗೆ ಬರುವುದಿಲ್ಲವೆಂದೂ ಕೂಸನ್ನು ಅಲ್ಲಿಗೇ ತರಬೇಕೆಂದೂ ಹೇಳಿದರು. ಮುನಿತಾಯಮ್ಮ ಮಗುವನ್ನು ಎತ್ತಿಕೊಂಡು ಹೋದಳು, ಹಿಂದೆ ನಾನು, ಎಂಜಲ ಕೈಯಲ್ಲೇ. ಅಕ್ಕಪಕ್ಕದ ಮನೆಗಳ ಬಾಗಿಲುಗಳೆಲ್ಲ ತೆರೆದವು.

ಆಕೆ ಮಗುವನ್ನು ನೇರವಾಗಿ ಮುನಿತಾಯಮ್ಮನ ಕೈಯಿಂದಲೇ ತೆಗೆದುಕೊಂಡು, ಕೈಕಾಲು ಎಳೆದು, ತೊಡೆಯ ಸಂದು ನೋಡಿ, ನೆತ್ತಿ ಮೂಸಿದರು. ಆಮೇಲೆ ಮುನಿತಾಯಮ್ಮನನ್ನು ಬಯ್ಯಲು ಶುರು ಮಾಡಿದರು. ಎಳೆಗೂಸಿಗೆ ಹೀಗೆಯೇ ನೀರು ಹಾಕುವುದೇ, ಕತ್ತಿನ ಸಂದಿನಲ್ಲಿ ಕೊಳೆ ಹಾಗೇ ಇದೆ, ಎಣ್ಣೆ ಕಂಡಿಲ್ಲ, ಮೂಗು ತೀಡಿಲ್ಲ, ತಲೆ ಒಂದು ಕಡೆ ಚಪ್ಪಟೆಯಾಗಿದೆ. ನಾಳೆ ತಾವೇ ಎಣ್ಣೆ ತಿಕ್ಕಿ ನೀರು ಹಾಕುವುದಾಗಿ ಹೇಳಿದರು.

ಮುನಿತಾಯಮ್ಮ ತಲೆ ತಗ್ಗಿಸಿಕೊಂಡೇ ಕೇಳಿದಳು:

"ಎಲ್ಲಿ ಹಾಕ್ತೀರ ಅಮ್ಮೋರೆ?"

ಅಕ್ಕಯಮ್ಮನವರು ಮಗುವನ್ನು ಸೊಂಟಕ್ಕೆ ಏರಿಸಿಕೊಂಡರು. ಏರಿಯ ಆಚೆಗೆ ತಮ್ಮ ಮನೆಯ ಕಡೆ ನೋಡಿದರು. ಬಾಗಿಲುಗಳಲ್ಲಿ ನಿಂತವರನ್ನು ನೋಡಿದರು. ನನ್ನ ಸಾರು ಮೆತ್ತಿದ ಕೈಯನ್ನೂ ನೋಡಿದರು. ಮಗು ಆಕೆಯ ಮೂಗುಬೊಟ್ಟನ್ನು ಹಿಡಿದು ಎಳೆಯಿತು.

"ನಿಮ್ಮನೇಲಿ ಹಂಡೆ ಐತಾ?" ಎಂದರು.

ಆವಲಪ್ಪನ ಮನೆಯಲ್ಲಿ ಹಂಡೆ ಇಲ್ಲ. ಕೇರಿಯಲ್ಲೇ ಇಲ್ಲ. ರಾಮಾಂಜಿನಪ್ಪನವರ ಬಚ್ಚಲಲ್ಲಿ ತಾಮ್ರದ್ದು ಒಂದಿದೆ, ಕುರಿಯೊಂದನ್ನು ಇಳಿಬಿಡಬಹುದು, ಅಷ್ಟು ದೊಡ್ಡದು. ಆವಲಪ್ಪ ಗಾಡಿ ಹೂಡಿ ಕರೆಯುತ್ತಿದ್ದಾನೆ. ಕತ್ತಲಾಗುವುದರೊಳಗೆ ಅದನ್ನು ಕೇರಿಗೆ ತರಬೇಕು.